ಸಡಿಲವಾಗಿ ತೂಗಿದ ಉಕ್ಕು

ನಾನು ಹುಟ್ಟಿದ್ದು ಒಂದು ತೂತಿನಿಂದ. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಬಾಯಿ ಕೊರೆಯುತ್ತಿದ್ದರು. ಆಗ ಕಳಚಿ ಬಿದ್ದ ದುಂಡನೆಯ ಉಕ್ಕಿನ ತುಣುಕು ನಾನು. ಊಟದ ತಟ್ಟೆಯಷ್ಟು ಅಗಲ, ಬಳಪದಷ್ಟು ದಪ್ಪ. ಟ್ಯಾಂಕಿಗೆ ಬೇಕಾಗಿದ್ದದ್ದು ತೂತು ಮಾತ್ರ. ನನ್ನನ್ನು ಗುಜರಿಯ ರಾಶಿಗೆ ಎಸೆದರು.

ಆ ರಾಶಿಯಿಂದ ನನ್ನನ್ನು ಎತ್ತಿಕೊಂಡವನು ಶೆಡ್ಡಿನ ಮಾಲೀಕ ಮೌನೇಶ ಬಡಿಗೇರ. ಅವನು ಮಾಡಿದ ಗೇಟುಗಳು ಊರಿನ ಹತ್ತಾರು ಓಣಿಗಳಲ್ಲಿವೆ. ಗೇಟು ನಿಲ್ಲಿಸಿದ ಮೇಲೆ ಅವನು ಎರಡೂ ಕೈಯಿಂದ ಅದನ್ನು ಹಿಡಿದು ಜಗ್ಗುತ್ತಿದ್ದ. "ಆನಿ ಬಂದು ಗುದ್ದಿದ್ರೂ ಅಳ್ಳಾಡಂಗಿಲ್ಲ ನೋಡ್ರಿ" ಎನ್ನುತ್ತಿದ್ದ. ಅಲುಗಾಡುವ ಬೆಸುಗೆ ಅವನ ಮಟ್ಟಿಗೆ ಅವಮಾನ.

ಅವನ ಮಗಳು ರೋಹಿಣಿ ಕಾಲೇಜಿನ ಎನ್‌ಸಿಸಿಯಲ್ಲಿ ಏರ್‌ಗನ್ ಹೊಡೆಯಲು ಕಲಿತಿದ್ದಳು. ರಾಜ್ಯದ ತಂಡಕ್ಕೆ ಸೇರಬೇಕೆಂಬುದು ಅವಳ ಆಸೆ. ಮನೆಯಲ್ಲಿ ಅಭ್ಯಾಸಕ್ಕೆಂದು ಸೋದರಮಾವ ತನ್ನ ಹಳೆಯ ಏರ್‌ಗನ್ ಕೊಟ್ಟಿದ್ದ. ಗುರಿಯನ್ನು ತಾನೇ ಮಾಡಿಕೊಡುತ್ತೇನೆಂದು ಮೌನೇಶ ಹಟ ಹಿಡಿದ.

"ಕಾಗದಕ್ಕ ಹೊಡದ್ರ ಅದು ಸುಮ್ನ ತೂತ ಬೀಳತೈತಿ. ಕಬ್ಬಿಣ ಆದ್ರ ಓ ಅಂತೈತಿ, ಅವ್ವಾ."

ಅವನು ನನ್ನ ಅಂಚು ಉಜ್ಜಿದ, ಸುಣ್ಣ ಬಳಿದ, ಮನೆಯ ಹಿತ್ತಲಲ್ಲಿ ಎರಡು ಕಬ್ಬಿಣದ ಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿ ಸುತ್ತಲೂ ಬೆಸೆದ. ಜಗ್ಗಿ ನೋಡಿದ. ನಾನು ಕೂದಲೆಳೆಯಷ್ಟೂ ಮಿಸುಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನೀಲವ್ವ ನಕ್ಕಳು.

"ಅಪ್ಪ ತಾಟ ಮಾಡ್ಯಾನ, ಮಗಳು ಗುಂಡ ಹಿಡಕೊಂಡು ನಿಂತಾಳ. ನಾ ಇನ್ನ ರೊಟ್ಟಿ ಬಡಿಯೂದ ಬ್ಯಾಡೇನು?"

"ಬಡಿ ಯವ್ವಾ, ಗುಂಡಿನ ಸಂಗಟ ಹಚ್ಕೊಂಡ ತಿಂತೀವಿ" ಎಂದಳು ರೋಹಿಣಿ.

ಸೀಸ ಮೆತ್ತನೆಯ ಲೋಹ. ವೇಗವಾಗಿ ಬಂದರೆ ಉಕ್ಕಿಗೆ ಬಡಿದು ಚಪ್ಪಟೆಯಾಗುತ್ತದೆ, ಇಲ್ಲವೇ ಚೂರಾಗುತ್ತದೆ. ಆದರೆ ಆ ಬಂದೂಕಿನ ಸ್ಪ್ರಿಂಗು ಸೋತಿತ್ತು, ಗುಂಡು ನಿಧಾನವಾಗಿ ಬರುತ್ತಿತ್ತು. ಚಪ್ಪಟೆಯಾಗುವಷ್ಟು ಬಲ ಅದಕ್ಕಿರಲಿಲ್ಲ. ಹಿಂದೆ ಸರಿದು ಆ ಬಲವನ್ನು ನುಂಗುವಷ್ಟು ಸಡಿಲ ನನಗಿರಲಿಲ್ಲ. ಗುಂಡು ಬಂದ ದಿಕ್ಕಿಗೇ ಮರಳುವುದೊಂದೇ ಉಳಿದಿತ್ತು.

ರೋಹಿಣಿ ಕಾಲೇಜಿನ ನಿಯಮದಂತೆ ಕಣ್ಣು ಕಾಯುವ ಕನ್ನಡಕ ಹಾಕಿಕೊಂಡಿದ್ದಳು. ಮೌನೇಶ ನನಗೂ ಅವಳಿಗೂ ನಡುವೆ, ಸ್ವಲ್ಪ ಪಕ್ಕಕ್ಕೆ ನಿಂತಿದ್ದ. ಬೆಸೆಯುವಾಗ ಕಣ್ಣಿಗಿದ್ದ ಅವನ ಕನ್ನಡಕ ಈಗ ಹಣೆಯ ಮೇಲಿತ್ತು. ಕಿಡಿ ಹಾರುವ ಕೆಲಸ ಮುಗಿದಿತ್ತಲ್ಲ. ತನ್ನ ಕೈಕೆಲಸವನ್ನು ಬರಿಗಣ್ಣಿನಲ್ಲಿ ನೋಡುವ ಆಸೆ ಅವನಿಗೆ. ರೋಹಿಣಿ ಹೊಡೆದಳು. ಠಣ್ ಎನ್ನಬೇಕಾದವನು ನಾನು ಟಕ್ ಎಂದೆ. ಮೌನೇಶ ಎಡಗಣ್ಣು ಮುಚ್ಚಿಕೊಂಡು ಕುಸಿದ.

ಆ ಕಣ್ಣು ಮತ್ತೆ ಬೆಳಕು ಕಾಣಲಿಲ್ಲ.

ಅವತ್ತಿನಿಂದ ರೋಹಿಣಿ ಬಂದೂಕು ಮುಟ್ಟಲಿಲ್ಲ. ತಂಡದ ಆಯ್ಕೆಗೆ ಕರೆ ಬಂದರೂ ಹೋಗಲಿಲ್ಲ. ಅಪ್ಪನ ಎದುರು ಕೂತು ಉಣ್ಣುವುದನ್ನೂ ಬಿಟ್ಟಳು. ನನ್ನ ಮೇಲೆ ಗೋಣಿಚೀಲ ಹೊದಿಸಿದವಳು ನೀಲವ್ವ. ಆ ಕತ್ತಲಲ್ಲಿ ನನಗೆ ಕೇಳಿಸುತ್ತಿದ್ದದ್ದು ಅವಳ ಒಂದೇ ಮಾತು: "ಕಣ್ಣ ಹೋತು, ಹೋಗ್ಲಿ. ಮಗಳೂ ಹ್ವಾದ್ಲಲ್ಲರೀ."

ಮಳೆಗಾಲ ಕಳೆದ ಮೇಲೆ ಮೌನೇಶ ಗೋಣಿಚೀಲ ತೆಗೆದ. ನನ್ನ ಸುತ್ತಲ ಬೆಸುಗೆಯನ್ನು ಬಹಳ ಹೊತ್ತು ಬೆರಳಿನಿಂದ ಸವರಿದ. ಗಂಟಿಲ್ಲದ, ನಯವಾದ ಬೆಸುಗೆ. ಆಮೇಲೆ ಕನ್ನಡಕ ಕಣ್ಣಿಗಿಳಿಸಿ ಗ್ರೈಂಡರ್ ಹಚ್ಚಿದ. ತನ್ನ ಬೆಸುಗೆಯನ್ನು ತಾನೇ ಕತ್ತರಿಸುವ ವೆಲ್ಡರನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ನಾನೊಬ್ಬನೇ.

ಎರಡು ಸರಪಳಿಗಳಿಂದ ನನ್ನನ್ನು ತೂಗುಹಾಕಿದ. ಮೇಲಂಚು ಮುಂದಕ್ಕೆ ಬಾಗಿರುವಂತೆ ಓರೆ ಮಾಡಿದ. ಕೆಳಗೆ ಮರಳಿನ ತಟ್ಟೆ ಇಟ್ಟ. ಬಂದೂಕಿಗೆ ಹೊಸ ಸ್ಪ್ರಿಂಗು ಹಾಕಿಸಿದ. ಆಮೇಲೆ ಮಗಳನ್ನು ಕರೆಯದೆ ತಾನೇ ಹೊಡೆಯಲು ನಿಂತ. ಮೊದಲ ಗುಂಡು ನನ್ನ ಹಿಂದೆ ಪೇರಿಸಿದ್ದ ಮಣ್ಣಿನ ಚೀಲಕ್ಕೆ ಹೋಯಿತು. ಎರಡನೆಯದೂ ಅಲ್ಲಿಗೇ. ಬಾಗಿಲ ಹಿಂದೆ ನಿಂತಿದ್ದ ರೋಹಿಣಿಗೆ ತಡೆಯಲಾಗಲಿಲ್ಲ.

"ಮೊಳಕೈ ಒಳಗ ತಗೋ ಅಪ್ಪಾ. ಅದೇನ ಕೊಡಲಿ ಹಿಡದಂಗ ಹಿಡದೀ."

"ನೀ ಹಿಡದ ತೋರಸು ಹಂಗಾರ."

"ನಾ ಮುಟ್ಟಂಗಿಲ್ಲ."

"ಬಂದೂಕ ಏನ್ ಮಾಡೇತಿ ನಿನಗ? ನೀ ಗುರಿಗೇ ಹೊಡದಿದ್ದಿ. ಹೊಳ್ಳಿ ಕಳಿಸಿದ್ದು ನನ್ನ ಬೆಸಿಗಿ. ಗಟ್ಟಿ ಮಾಡೂದೊಂದ ಕಲ್ತಿದ್ದೆ, ಸಡಲ ಬಿಡೂದು ಯಾರೂ ಕಲಸಲಿಲ್ಲ."

ರೋಹಿಣಿ ಬಂದಳು. ಅಪ್ಪನ ಮೊಳಕೈ ಒಳಕ್ಕೆ ಒತ್ತಿ ಹಿಡಿದಳು. ಅವನು ಹೊಡೆದ. ನಾನು ಜೀವಮಾನದಲ್ಲಿ ಮೊದಲ ಸಲ ಠಣ್ ಎಂದೆ. ಬೆರಳಗಲ ಹಿಂದೆ ಸರಿದೆ. ಸೀಸ ಚಪ್ಪಟೆಯಾಗಿ ನನ್ನ ಕಾಲಡಿಯ ಮರಳಿಗೆ ಬಿತ್ತು. ರೋಹಿಣಿ ಅದನ್ನು ಆಯ್ದುಕೊಂಡು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಆಮೇಲೆ ಅಪ್ಪನ ಕನ್ನಡಕ ಸರಿಮಾಡಿ, ಅವನನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿ, ಬಂದೂಕು ಎತ್ತಿಕೊಂಡಳು. ಹೊಡೆದಳು. ಗುಂಡು ನನ್ನ ಅಂಚಿಗೆ ತಗುಲಿತು. ಅಷ್ಟಕ್ಕೇ ನೀಲವ್ವ ಒಳಗಿನಿಂದ, "ಇಬ್ಬರೂ ಕೈ ತೊಳಕೊಂಡ ಬರ್ರಿ, ಒಟ್ಟಿಗೆ ಬಡಸ್ತೀನಿ" ಎಂದಳು.

ರೋಹಿಣಿ ರಾಜ್ಯದ ತಂಡ ಸೇರಲಿಲ್ಲ; ಆಯ್ಕೆಯ ಅವಕಾಶ ದಾಟಿಹೋಗಿತ್ತು. ಅವಳು ಧಾರವಾಡದ ಶಾಲೆಯೊಂದರಲ್ಲಿ ಗುರಿ ಕಲಿಸುವ ಟೀಚರಾದಳು, ನನ್ನನ್ನೂ ಜೊತೆಗೊಯ್ದಳು. ಎಷ್ಟೋ ಮಕ್ಕಳ ಗುಂಡುಗಳನ್ನು ತಿಂದೆ. ಮೌನೇಶ ತೀರಿಕೊಂಡ ವರ್ಷ ನನ್ನ ನಡುಭಾಗ ತಗ್ಗು ತಗ್ಗಾಗಿ, ಸೀಸ ಎತ್ತೆತ್ತಲೋ ಸಿಡಿಯತೊಡಗಿತು. ರೋಹಿಣಿ ಅದನ್ನು ಕಂಡ ದಿನವೇ ನನ್ನನ್ನು ಇಳಿಸಿ, ನನ್ನ ಜಾಗಕ್ಕೆ ಹೊಸ ತಟ್ಟೆ ತೂಗುಹಾಕಿದಳು.

ಈಗ ನಾನು ಮಕ್ಕಳು ನಿಲ್ಲುವ ಸಾಲಿನ ಪಕ್ಕದ ಗೋಡೆಗೆ ಒರಗಿದ್ದೇನೆ. ಬದುಕೆಲ್ಲ ಬಂದೂಕಿನ ನಳಿಗೆಯ ಬಾಯನ್ನೇ ನೋಡಿದವನಿಗೆ ಇಲ್ಲಿಂದ ಮುಖಗಳು ಕಾಣುತ್ತವೆ. ಗಟ್ಟಿಯಾಗಿ ನಿಲ್ಲುವುದೇ ಉಕ್ಕಿನ ಗುಣವೆಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಬೆರಳಗಲ ಸರಿಯುವುದನ್ನು ನಮಗೆ ಕಲಿಸಲು ಒಂದು ಕಣ್ಣು ಬೇಕಾಯಿತು.

ಗುಂಡು ಹಾರುತ್ತದೆ, ಹೊಸ ತಟ್ಟೆ ಠಣ್ ಎನ್ನುತ್ತದೆ, ಮಕ್ಕಳು ಕುಣಿಯುತ್ತಾರೆ. ಎಲ್ಲಿ ಬಡಿಯಿತೆಂದು ಎಲ್ಲರೂ ಗುರಿಯತ್ತ ನೋಡುತ್ತಾರೆ. ರೋಹಿಣಿ ಮಾತ್ರ ಮೊದಲು ತಿರುಗಿ, ಹೊಡೆದ ಮಗುವಿನ ಎರಡೂ ಕಣ್ಣು ನೋಡುತ್ತಾಳೆ.