ಕಾರಿನ ಮೂಗಿನಲ್ಲಿ ಸಿಕ್ಕಿದ್ದು

ಭಾನುವಾರ ಮೂರಂತಸ್ತಿನ ಕೇಕು ಊರಾಚೆಯ ಹೋಟೆಲ್ಲಿಗೆ ತಲುಪಬೇಕಿತ್ತು. ಅಷ್ಟು ದೊಡ್ಡ ಆರ್ಡರು ನನಗೆ ಅದೇ ಮೊದಲು. ಶುಕ್ರವಾರ ಕಾರಿನ ಏಸಿ ಕೈಕೊಟ್ಟಿತು. ಹೊರಗೆ ನನ್ನ ಮುಖವೇ ಕರಗುವಂಥ ಬಿಸಿಲು. ಇನ್ನು ಕ್ರೀಮಿನ ಗುಲಾಬಿಗಳ ಗತಿ?

ಗ್ಯಾರೇಜಿನವನು ಬಾನೆಟ್ ಎತ್ತಿ, ಸಾವಿನ ಮನೆಗೆ ಬಂದವನಂತೆ ಮುಖ ಮಾಡಿದ.

"ಕಂಪ್ರೆಸರ್ ಹೋಗಿದೆ ಮೇಡಂ. ಹೊಸದೇ ಹಾಕ್ಬೇಕು."

ಅವನು ಕೇಳಿದ ದುಡ್ಡಿಗೆ ನಾನು ಆರು ತಿಂಗಳು ಊಟ ನಿದ್ದೆ ಬಿಟ್ಟು ಕೇಕು ಬೇಯಿಸಬೇಕಿತ್ತು.

"ಏಸಿ ಯಾಕೆ? ಕಿಟಕಿ ತೆಗಿ," ಎಂದರು ಪಕ್ಕದ ಸೀಟಿನಲ್ಲಿದ್ದ ಅತ್ತೆ. "ನಮ್ ಕಾಲದಲ್ಲಿ ಗಾಳಿಗೆ ಯಾರೂ ದುಡ್ಡು ಕೊಡ್ತಿರ್ಲಿಲ್ಲ."

ಕೇಕು ಕೊಡಲು ಹೋದಾಗಲೆಲ್ಲ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುವುದು ಅತ್ತೆಯ ಕೆಲಸ. ಸಕ್ಕರೆ ಕಾಯಿಲೆ ಬಂದ ಮೇಲೆ ಅವರಿಗೆ ಸಿಹಿ ಬಂದ್. ಅವರ ಮಗ, ಅಂದರೆ ನನ್ನ ಗಂಡ, ಬಿಸ್ಕತ್ತಿನ ಡಬ್ಬಕ್ಕೂ ಬೀಗ ಹಾಕಿದ್ದ.

ಶನಿವಾರ ಬೆಳಿಗ್ಗೆ ಕೇಕಿನ ಫ್ರಿಜ್ಜಿನ ಬಾಗಿಲು ಸರಿಮಾಡಲು ರಿಪೇರಿಯವನು, ನಾವೆಲ್ಲ ಫ್ರಿಜ್ ಮಾಮ ಅನ್ನುವವನು, ಬಂದ. ನನ್ನ ಗೋಳು ಕೇಳಿ ನಕ್ಕ.

"ಕಾರಲ್ಲಿರೋದೂ ಒಂಥರಾ ಫ್ರಿಜ್ಜೇ ಕಣಮ್ಮಾ. ಸ್ಟಾರ್ಟ್ ಮಾಡಿ ಏಸಿ ಹಾಕು."

ಬಾನೆಟ್ಟಿನಡಿಯ ಒಂದು ದಪ್ಪ ಪೈಪು ತೋರಿಸಿ ಮುಟ್ಟು ಎಂದ. ಮುಟ್ಟಿದೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ಮೈಯೆಲ್ಲ ಬೆವರಿತ್ತು.

"ತಂಪು ಹುಟ್ತಾ ಇದೆ, ಒಳಗೆ ಬರ್ತಿಲ್ಲ. ಮೂಗು ಕಟ್ಟಿದೆ ಅಷ್ಟೇ. ಅತ್ತೆ ಕೂರೋ ಸೀಟಿನ ಮುಂದಿರೋ ಡಬ್ಬಿ ಬಿಚ್ಚು, ಹಿಂದೆ ಫಿಲ್ಟರ್ ಇರುತ್ತೆ. ಸ್ಕ್ರೂಡ್ರೈವರ್ ಸಾಕು. ನಂಗೆ ಒಂದು ತುಂಡು ಕೇಕ್ ಸಾಕು."

ಅವನು ಅತ್ತ ಹೋದ, ಇತ್ತ ಅತ್ತೆ ಓಡೋಡಿ ಬಂದರು. "ನೀನ್ಯಾಕೆ ಬಿಚ್ತೀಯೇ? ಕೈ ಕುಯ್ಕೋತೀಯ!"

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನನ್ನ ಕೈಯ ಬಗ್ಗೆ ಅವರಿಗೆ ಇಷ್ಟು ಕಾಳಜಿ ಬಂದದ್ದು ಅದೇ ಮೊದಲು.

ಡಬ್ಬಿ ಬಿಚ್ಚಿದೆ. ಅದರ ಹಿಂಬದಿಯಲ್ಲಿ ಬೆರಳು ತೂರುವಷ್ಟು ಸಂದು. ಫಿಲ್ಟರಿನ ಮುಚ್ಚಳ ಎಂದೋ ಮುರಿದಿತ್ತು. ಫಿಲ್ಟರನ್ನು ಎಳೆದೆ. ಚಾಕೊಲೇಟಿನ ಹೊದಿಕೆಗಳು ಬಂದವು: ಕೆಂಪು, ಬೆಳ್ಳಿ, ಬಂಗಾರ. ಎಲ್ಲವೂ ಅಚ್ಚುಕಟ್ಟಾಗಿ ನಾಲ್ಕು ಮಡಿಕೆ. ನಮ್ಮ ಮನೆಯಲ್ಲಿ ಸೋಪಿನ ಕಾಗದವನ್ನೂ ಹಾಗೆ ಮಡಿಸುವವರು ಒಬ್ಬರೇ. ನಾನೋ, ಕೇಕಿಗೆ ತಂದ ಚಾಕೊಲೇಟು ಮಾಯವಾಗುತ್ತದೆಂದು ಇಲಿಗೆ ಬೋನು ಇಟ್ಟಿದ್ದೆ!

"ಏನೇ ಸಿಕ್ತು?" ಮಹಡಿಯಿಂದ ಗಂಡ ಕೂಗಿದ.

ಅತ್ತೆ ನನ್ನನ್ನೇ ನೋಡಿದರು. ನಾನು ಬಾಯಿ ಬಿಟ್ಟಿದ್ದರೆ ಆ ದಿನವೇ ಅವರ ಕಾರಿನ ಸವಾರಿಗೂ ಬೀಗ ಬೀಳುತ್ತಿತ್ತು.

"ಎಲೆ ಕಣ್ರೀ! ಮರದ ಕೆಳಗೆ ನಿಲ್ಲಿಸ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

ಅವನು ಮರಕ್ಕೆ ಬೈಯುತ್ತಾ ಒಳಗೆ ಹೋದ. ನಾನು ಫಿಲ್ಟರು ಕೊಡವಿ, ಧೂಳು ಹೀರುವ ಯಂತ್ರ ಹಿಡಿದು, ಮುಚ್ಚಳಕ್ಕೆ ಟೇಪು ಸುತ್ತಿ ಕೂರಿಸಿದೆ. ಗುಂಡಿ ತಿರುಗಿಸಿದ್ದೇ ತಡ, ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು.

ಭಾನುವಾರ ಗುಲಾಬಿಗಳು ತಲೆಯೆತ್ತಿಕೊಂಡೇ ಹೋಟೆಲ್ ಸೇರಿದವು. ವಾಪಸು ಬರುವಾಗ ಅತ್ತೆ ಕೈಚೀಲದಿಂದ ಒಂದು ಚಾಕೊಲೇಟು ತೆಗೆದು ನನ್ನ ಮುಂದೆ ಹಿಡಿದರು.

"ಇದೇ ಕೊನೇದು. ನೀನೇ ತಿನ್ನು."

ಪೂರ್ತಿ ನಾನೇ ತಿಂದೆ. ಅವರು ಕಣ್ಣಲ್ಲೇ ತಿಂದರು. ಆಮೇಲೆ ಹೊದಿಕೆಯನ್ನು ಇಸ್ಕೊಂಡು, ನಾಲ್ಕು ಮಡಿಕೆ ಮಾಡಿ, ಸೀಟಿನ ಮುಂದಿನ ಅದೇ ಡಬ್ಬಿಗೆ ಕೈ ಹಾಕಿದರು.

"ಅತ್ತೇ!"

"ಅಯ್ಯೋ, ಕೈಗೆ ಅಭ್ಯಾಸ ಕಣೇ," ಎನ್ನುತ್ತಾ ಅದನ್ನು ಕೈಚೀಲಕ್ಕೆ ತುರುಕಿದರು.