ಹೊರಗಿನ ರಂಗೋಲಿ

ನನ್ನ ಬಾಯಿ ಜೋರು ಅಂತ ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಗೊತ್ತು. ಇರಲಿ. ಒಳಗೇ ಕುದಿಯುವುದಕ್ಕಿಂತ ಬಾಯಿಬಿಟ್ಟು ಬೈದು ಮುಗಿಸುವುದು ವಾಸಿ ಅನ್ನುವವಳು ನಾನು. ನಮ್ಮ ಅತ್ತೆ ರಂಗಲಕ್ಷ್ಮಮ್ಮ ಹಾಗಲ್ಲ. ಕೋಪ ಬಂದರೂ ಖುಷಿಯಾದರೂ ತುಟಿ ಎರಡಾಗುವುದಿಲ್ಲ. ಏನಿದ್ದರೂ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿಯಲ್ಲೇ ಕಾಣಬೇಕು. ಚುಕ್ಕಿ ಇಡುವ ಪೈಕಿಯೇ ಅಲ್ಲ ಅವರು. ಪುಡಿ ಹಿಡಿದು ಬಗ್ಗಿದರೆ ಬಳ್ಳಿ, ಹಂಸ, ಕಮಲದ ಕೊಳ ತಾನಾಗಿ ಇಳಿದು ಬರುತ್ತಿತ್ತು. ಹಾಲಿನವನು ಸೈಕಲ್ಲನ್ನು ಎತ್ತಿಕೊಂಡು ಪಕ್ಕಕ್ಕೆ ದಾಟುತ್ತಿದ್ದ.

ನಮ್ಮಲ್ಲಿ ಬಾಗಿಲು ಬರಿದಾಗಿದ್ದರೆ ಒಳಗೆ ಏನೋ ಆಗಬಾರದ್ದು ಆಗಿದೆ ಅಂತಲೇ ಅರ್ಥ. ಯಾರೂ ಬಂದು ಕೇಳುವುದಿಲ್ಲ, ನೋಡಿಯೇ ತಿಳಿದುಕೊಳ್ಳುತ್ತಾರೆ. ರಂಗೋಲಿ ಇದ್ದರೆ ಮನೆ ಚೆನ್ನಾಗಿದೆ.

ಎದುರುಮನೆ ಯಾಸ್ಮೀನ್ ಬ್ಲೌಸುಗಳಿಗೆ ಜರಿ ಕೆಲಸ ಮಾಡುವವಳು. ಗಂಡ ಅರ್ಷದ್‌ಗೆ ಶಿರಾ ಗೇಟಿನಲ್ಲಿ ಟೈರ್ ಅಂಗಡಿ. ಅತ್ತೆಯ ಬಳ್ಳಿಗಳನ್ನು ಕಾಗದದ ಮೇಲೆ ಇಳಿಸಿಕೊಂಡು ಹೋಗಿ ತೋಳಿನ ಮೇಲೆ ಹೊಲಿಯುತ್ತಿದ್ದಳು. ಮದುವೆಮನೆಗಳಲ್ಲಿ ಯಾರದೋ ತೋಳಿನ ಮೇಲೆ ನಮ್ಮ ಬಾಗಿಲ ಹಂಸ ಕಂಡರೆ ಅತ್ತೆ ನನ್ನ ಸೊಂಟ ತಿವಿದು ತೋರಿಸುತ್ತಿದ್ದರು. ಎರಡು ಸಲ ಗರ್ಭ ನಿಲ್ಲದೆ ಹೋದ ಮೇಲೆ ಯಾಸ್ಮೀನ್ ಆಗ ತುಂಬು ಬಸುರಿ. ಅವಳ ಅತ್ತೆ ರಹಿಮಾ ಬೀ ಅವಳನ್ನು ಒಂದು ಬಿಂದಿಗೆ ನೀರು ಎತ್ತಲೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಹಂದಿ ಜ್ವರ ಬಂತಲ್ಲ, ಆಗಿನ ಮಾತು ಇದು. ಪುಣೆಯಲ್ಲಿ ಜನ ಸಾಯುತ್ತಿದ್ದಾರೆ ಅಂತ ದಿನಾ ಟಿವಿಯಲ್ಲಿ ಬರುತ್ತಿತ್ತು. ಶಾಲೆಗಳಿಗೆ ರಜಾ ಕೊಟ್ಟಿದ್ದರು. ಮೆಡಿಕಲ್ ಸ್ಟೋರುಗಳಲ್ಲಿ ಮಾಸ್ಕು ಸಿಗದೆ ಗಂಡಸರು ಕರ್ಚೀಫು ಕಟ್ಟಿಕೊಂಡು ಓಡಾಡುತ್ತಿದ್ದರು. ಕೆಮ್ಮಿದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಆ ಹೆಸರೇ ಅವಮಾನದ್ದು ಅನ್ನುವ ಹಾಗೆ ಜನ ಅದನ್ನು ಪಿಸುಗುಟ್ಟುತ್ತಿದ್ದರು. ನಮ್ಮಮ್ಮ ಕಾಲು ಉಳುಕಿಸಿಕೊಂಡಿದ್ದರಿಂದ ನಾನು ಐದು ದಿನ ಗುಬ್ಬಿಯ ತವರಿನಲ್ಲಿದ್ದೆ. ನಮ್ಮ ಯಜಮಾನರಿಗೆ ಕುಣಿಗಲ್ಲಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವರು. ಮನೆಯಲ್ಲಿ ಅತ್ತೆ ಒಬ್ಬರೇ ಅಂದುಕೊಂಡಿದ್ದೆ.

ವಾಪಸು ಬಂದಾಗ ಬಾಗಿಲಲ್ಲಿ ಇಷ್ಟು ದೊಡ್ಡ ನವಿಲು. ಮೋರಿಯ ಅಂಚಿನಿಂದ ಮೆಟ್ಟಿಲವರೆಗೂ ಗರಿ ಬಿಚ್ಚಿಕೊಂಡು ನಿಂತಿತ್ತು, ಅದೂ ಬಣ್ಣ ತುಂಬಿದ್ದು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅತ್ತೆಗೆ ಇವತ್ತು ಏನು ಸಂಭ್ರಮವೋ ಅಂತ ನಗುತ್ತಲೇ ಒಳಗೆ ಹೋದೆ. ನಡುಮನೆಯಲ್ಲಿ ಯಾಸ್ಮೀನ್ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತು ಕಾಗದದ ಮೇಲೆ ನವಿಲಿನ ಕತ್ತು ಬರೆಯುತ್ತಿದ್ದಳು. ಪಕ್ಕದಲ್ಲಿ ಕುಡಿದಿಟ್ಟ ಕಾಫಿ ಲೋಟ.

ಕಾಲು ತೊಳೆದು ದೇವರಿಗೆ ಕೈ ಮುಗಿಯಲು ಹೋದೆ. ದೀಪ ಉರಿಯುತ್ತಿತ್ತು. ಅದರ ಮುಂದಿನ ನೆಲ ಬರಿದು. ಅಲ್ಲಿ ಅಂಗೈಯಗಲದ ಪದ್ಮ ಬರೆಯದೆ ಅತ್ತೆ ದೀಪ ಹಚ್ಚಿದವರೇ ಅಲ್ಲ. ಆಗಲೇ ಹಿಂದಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಹೊರಗಿನಿಂದ ಚಿಲಕ ಹಾಕಿತ್ತು.

ತೆಗೆದರೆ ಪುಣೆಯಲ್ಲಿ ಕೆಲಸಕ್ಕಿದ್ದ, ತನ್ನ ನಿಶ್ಚಿತಾರ್ಥದ ಹಿಂದಿನ ದಿನವಷ್ಟೇ ಬರಬೇಕಾಗಿದ್ದ ನನ್ನ ಮೈದುನ ಗಂಗರಾಜು ಚಾಪೆಯ ಮೇಲೆ ಬಿದ್ದಿದ್ದ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಉಸಿರೆಳೆದರೆ ಪಕ್ಕೆಯೆಲ್ಲ ಒಳಗೆ ಹೋಗುತ್ತಿತ್ತು. ಹಿಂದೆ ಅತ್ತೆ ಬಂದು ನಿಂತರು.

"ಮೆತ್ತಗೆ ಮಾತಾಡು ಲತಾ. ಅವ್ಳು ಅಲ್ಲೇ ಕೂತವ್ಳೆ."

"ಇದೇನತ್ತೆ ಇದು? ಯಾವಾಗ ಬಂದ?"

"ನೀನು ಗುಬ್ಬಿಗೆ ಹೋದ ಮಾರನೆ ದಿನ. ಕಷಾಯ ಕೊಡ್ತಿದೀನಿ, ಇಳೀತದೆ. ಆಸ್ಪತ್ರೆಗೆ ಹಾಕಿದ್ರೆ ಟಿವಿಲಿ ಬರ್ತದೆ. ಭಾನುವಾರ ಕುಣಿಗಲ್ಲೋರು ನಿಶ್ಚಿತಾರ್ಥಕ್ಕೆ ಬರ್ತಾವ್ರೆ. ಪುಣೆ ಜ್ವರ ಅಂತ ಗೊತ್ತಾದ್ರೆ ಇವನಿಗೆ ಯಾರು ಹೆಣ್ಣು ಕೊಡ್ತಾರೆ?"

"ಹೆಣ್ಣು ಕೊಡೋಕೆ ಇವ್ನು ಉಳೀಬೇಡ್ವಾ? ಅದು ಹಾಳಾಗ್ಲಿ, ಆ ಬಸುರಿ ಹುಡುಗೀನ ಯಾಕೆ ಒಳಗೆ ಕೂರ್ಸಿದ್ದೀರಿ?"

"ದಿನಾ ಬರೋಳು ಕಣೇ. ಬರ್ಬೇಡ ಅಂದ್ರೆ ಯಾಕೆ ಅಂತ ಕೇಳ್ತಾಳೆ. ಇವ್ನು ಒಳಗವ್ನೆ, ಅವ್ಳು ನಡುಮನೇಲಿ. ಏನಾಗ್ತದೆ?"

"ಇವ್ನ ಬಾಯಿ ಒರೆಸಿದ ಕೈಯಲ್ಲಿ ಅವ್ಳಿಗೆ ಕಾಫಿ ಕೊಟ್ಟಿದ್ದೀರಲ್ಲ. ಬಾಗ್ಲಲ್ಲಿ ನವಿಲು ಬೇರೆ. ದೇವ್ರ ಮುಂದೆ ಯಾಕೆ ಬರೀಲಿಲ್ಲ ಮತ್ತೆ?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅಲ್ಲಿ ಸುಳ್ಳು ಬರೆಯಕ್ಕೆ ಕೈ ಬರ್ಲಿಲ್ಲ."

ನಡುಮನೆಗೆ ಬಂದು ದೂರದಲ್ಲೇ ನಿಂತು ಹೇಳಿಬಿಟ್ಟೆ. "ಯಾಸ್ಮೀನ್, ಎದ್ದು ಮನೆಗೆ ಹೋಗಮ್ಮ. ಕೈ ಬಾಯಿ ಸೋಪಲ್ಲಿ ತೊಳ್ಕೊಂಡು ಇವತ್ತೇ ಡಾಕ್ಟ್ರನ್ನ ನೋಡು. ಒಳಗೆ ಗಂಗರಾಜುಗೆ ಆ ಜ್ವರ ಇದ್ದಂಗಿದೆ."

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಆಂಟಿಗೆ ಗೊತ್ತಿತ್ತಾ?" ಅಂದಳು. ಗೋಡೆ ಹಿಡಿದು ಎದ್ದಳು. ಅಂಥ ಹೊತ್ತಿನಲ್ಲೂ ಆ ಹುಡುಗಿ ನವಿಲನ್ನು ತುಳಿಯದೆ ಸುತ್ತಿ ಬೀದಿ ದಾಟಿದಳು. ನೋಡಿ ನನಗೆ ಅಳು ಬಂತು.

ಆಟೋ ಹಿಡಿದು ಗಂಗರಾಜುವನ್ನು ದೊಡ್ಡಾಸ್ಪತ್ರೆಗೆ ಸೇರಿಸಿದೆ. ಅದೇ ಜ್ವರ ಅಂದರು. ಗಟ್ಟಿ ಜೀವ, ಉಳಿದುಕೊಂಡ. ಕುಣಿಗಲ್ಲಿನವರಿಗೆ ನಾನೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೆಣ್ಣಿನ ತಂದೆ, "ಜ್ವರ ಯಾರಿಗೆ ಬರಲ್ಲಮ್ಮ, ಹುಡುಗ ಹುಷಾರಾಗ್ಲಿ, ದೀಪಾವಳಿ ಕಳೀಲಿ" ಅಂದರು. ಅಷ್ಟೇ. ಈ ಒಂದು ಮಾತಿಗೆ ಹೆದರಿ ಅತ್ತೆ ಅಷ್ಟೆಲ್ಲ ಮಾಡಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಷ್ಟರಲ್ಲಿ ಯಾಸ್ಮೀನ್‌ಗೆ ಜ್ವರ ಏರಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಅರ್ಷದ್ ಫೋನ್ ಎತ್ತುತ್ತಿರಲಿಲ್ಲ. ರಹಿಮಾ ಬೀಯೂ ಜೊತೆಗೆ ಹೋಗಿದ್ದರು, ಮನೆ ನೋಡಿಕೊಳ್ಳಲು ಯಾರೋ ನೆಂಟರು ಬಂದಿದ್ದರು. ಅತ್ತೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಪುಡಿಯ ಡಬ್ಬಿ ಹಿಡಿದುಕೊಂಡು ಎದುರು ಬಾಗಿಲನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಳಗೆ ಏನಾಗಿದೆ ಅಂತ ಅಲ್ಲಿ ಓದಲು ಏನಿತ್ತು? ರಂಗೋಲಿ ಹಾಕುವ ಪದ್ಧತಿ ಅವರದಲ್ಲ. ಹಸಿರು ಪರದೆಯೊಂದು ಗಾಳಿಗೆ ಆಡುತ್ತಿತ್ತು. "ಹೋಗಿ ಕೇಳಿ ಅತ್ತೆ" ಅಂತ ನಾನು ದಿನಾ ಹೇಳಿದೆ. ಅವರು ಡಬ್ಬಿ ಮುಚ್ಚಿಕೊಂಡು ಒಳಗೆ ಬಂದುಬಿಡುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ರಹಿಮಾ ಬೀ ಒಬ್ಬರೇ ಆಟೋದಿಂದ ಇಳಿದರು. ಅತ್ತೆ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬೀದಿ ದಾಟಿದರು, ನಾನು ಹಿಂದೆಯೇ ಹೋದೆ. ರಹಿಮಾ ಬೀ ಪರದೆ ಸರಿಸಿ ನಮ್ಮನ್ನು ಒಳಗೆ ಕರೆದರು. ಕಣ್ಣು ಊದಿತ್ತು, ದನಿ ಮಾತ್ರ ಎಂದಿನದೇ.

"ಯಾಸ್ಮೀನ್ ಉಳ್ಕೊಂಡ್ಳು. ಮಗು ಹೋಯ್ತು. ಗಂಡು ಮಗು."

"ನನ್ನಿಂದ ಆಯ್ತು ರಹಿಮಮ್ಮ. ನಾನೇ ಅವ್ಳನ್ನ ಒಳಗೆ ಕರ್ದೆ" ಅಂದರು ಅತ್ತೆ. ಅವರು ಬಾಯಿಬಿಟ್ಟು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನೀವೊಬ್ಬರೇ ಅಲ್ಲ ಅಕ್ಕ. ಟಿವಿ ನೋಡಿ ಹೆದ್ರಿ ನಾನು ಅವ್ಳನ್ನ ತವರುಮನೆಗೂ ಬಿಡ್ಲಿಲ್ಲ. ಮನೇಲೇ ಕೂತು ಬೇಜಾರು ಅಂತ ಅಳ್ತಿದ್ಳು. ಬೆಳಿಗ್ಗೆ ಕಿಟಕೀಲಿ ನಿಮ್ಮ ಬಾಗ್ಲು ನೋಡ್ತಿದ್ದೆ. ರಂಗೋಲಿ ದಿನಾ ದಿನಾ ದೊಡ್ಡದಾಗ್ತಿತ್ತು. ಅಲ್ಲಿಗೆ ಹೋಗು, ಆ ಮನೇಲಿ ಎಲ್ಲ ಚೆನ್ನಾಗಿದ್ದಾರೆ ಅಂತ ನಾನೇ ಕಳಿಸ್ತಿದ್ದೆ."

ಅತ್ತೆ ಹೊಸಿಲ ಮೇಲೇ ಕುಸಿದು ಕೂತರು. ನಾನು ಎಬ್ಬಿಸಲು ಹೋಗಲಿಲ್ಲ. ರಹಿಮಾ ಬೀಯೇ ಬಗ್ಗಿ ಅವರ ತೋಳು ಹಿಡಿದರು.