ಕೈಗೆ ಸುತ್ತಿದ ಹಗ್ಗ

ನಮ್ಮೂರಿನ ಮೇಲೆ ಯುದ್ಧವಿಮಾನ ಹಾರದ ವಾರವಿಲ್ಲ. ಮರದ ತುದಿಗೆ ತಾಗುವಷ್ಟು ಕೆಳಗೆ ಬರುತ್ತವೆ. ಸದ್ದು ಕಿವಿಗೆ ಬೀಳುವಷ್ಟರಲ್ಲಿ ವಿಮಾನ ತಲೆಯ ಮೇಲಿರುತ್ತದೆ. ನಮಗಾದರೆ ಎದೆ ಝಲ್ಲೆನ್ನುತ್ತದೆ, ಅಷ್ಟೆ. ಕುದುರೆ ಹಾಗಲ್ಲ, ದಿಕ್ಕೆಟ್ಟು ಓಡುತ್ತದೆ.

ನಾನು ಆರೋಗ್ಯ ಕೇಂದ್ರದ ನರ್ಸ್. ಕುದುರೆ ಲಾಯದ ಮನೆಗೆ ದಿನ ಬಿಟ್ಟು ದಿನ ಹೋಗುತ್ತೇನೆ. ಆ ಮನೆಯ ಮಗಳು ಒಂದು ಕುದುರೆಯ ಮೇಲೆ ಕೂತು, ಇನ್ನೊಂದರ ಹಗ್ಗವನ್ನು ಕೈಗೆ ಸುತ್ತಿಕೊಂಡು ಹೊರಟಿದ್ದಳು. ವಿಮಾನ ಬಂತು. ಎರಡು ಕುದುರೆ ಎರಡು ದಿಕ್ಕಿಗೆ ಎಳೆದವು, ಹಗ್ಗ ಕೈಗೆ ಬಿಗಿದು ಅವಳು ಕೆಳಗೆ ಬಿದ್ದಳು. ಬಲಗೈಯನ್ನು ಮಣಿಕಟ್ಟಿನ ಹತ್ತಿರ ಕತ್ತರಿಸಬೇಕಾಯಿತು. ಆ ಗಾಯಕ್ಕೆ ಪಟ್ಟಿ ಕಟ್ಟುವವಳು ನಾನು.

ಮೊನ್ನೆ ಪಟ್ಟಿ ಬಿಚ್ಚುತ್ತಿದ್ದೆ. ಕಿಟಕಿಯಾಚೆ ಅಂಗಳದಲ್ಲಿ ಅವಳ ಅಪ್ಪ ಮೊಮ್ಮಗಳಿಗೆ ಪಾಠ ಹೇಳುತ್ತಿದ್ದರು.

"ನಾಳೆಯಿಂದ ನಿಮ್ಮಮ್ಮನ ಕೆಲಸ ನಿಂದೇ. ಹಗ್ಗ ಕೈಗೆ ಎರಡು ಸುತ್ತು ಹಾಕ್ಕೋ. ಆಗ ಕುದುರೆ ತಪ್ಪಿಸ್ಕೊಳ್ಳಲ್ಲ."

ನನಗೆ ಮೈಯೆಲ್ಲ ಉರಿಯಿತು. "ಅಜ್ಜಾ, ಈ ಮನೇಲಿ ಒಂದು ಕೈ ಹೋಗಿದ್ದು ಸಾಲ್ದಾ?" ಎಂದು ಕೂತಲ್ಲಿಂದಲೇ ಕೂಗಿದೆ.

"ಅದು ಆ ಕುದುರೆ ತಪ್ಪು. ನಲವತ್ತು ವರ್ಷ ಕುದುರೆ ಪಳಗಿಸಿದೀನಿ. ಸೂಜಿ ಚುಚ್ಚೋಳು ನೀನು, ನಂಗೆ ಹೇಳ್ಕೊಡ್ತೀಯಾ?"

"ಚುಚ್ಚೋಳೇ, ಅದಕ್ಕೇ ಚುಚ್ತಿದೀನಿ. ವಿಮಾನ ನೆಲೆಯವರು ಹಂಚಿ ಅಂತ ಕೊಟ್ಟಿದ್ದ ಕಾಗದ ತಂದ್ಕೊಟ್ಟಿದ್ನಲ್ಲ, ಅದೆಲ್ಲಿ?"

ಮಗಳು ಕಣ್ಣಲ್ಲೇ ಕಿಟಕಿ ತೋರಿಸಿದಳು. ವಿಮಾನ ಬಂದಾಗಲೆಲ್ಲ ಕಿಟಕಿ ಅದುರುತ್ತದೆಂದು ಆ ಕಾಗದವನ್ನೇ ಮಡಚಿ ಸಂದಿಗೆ ತುರುಕಿದ್ದರು. ತಪ್ಪು ನನ್ನದೂ ಇದೆ. ಕೊಟ್ಟು ಹೋದೆನೇ ಹೊರತು ಓದಿ ಹೇಳಲಿಲ್ಲ.

ಈಗ ಬಿಡಿಸಿ ಓದಿದೆ. "ಸವಾರಿಗೆ ಮುಂಚೆ ಈ ನಂಬರಿಗೆ ಫೋನ್ ಮಾಡಿ, ಯಾವ ದಾರಿ, ಎಷ್ಟು ಹೊತ್ತಿಗೆ ಅಂತ ಹೇಳ್ಬೇಕು. ಅವರು ಹಾರೋ ಹೊತ್ತು ಹೇಳ್ತಾರೆ. ಹೆಲ್ಮೆಟ್ ಹಾಕ್ಬೇಕು, ಮೇಲೆ ಹೊಳೆಯೋ ಹಳದಿ ಅಂಗಿ."

"ಹಳದಿ ಕಂಡ್ರೆ ಕುದುರೆ ಬೆದರುತ್ತೆ."

"ಎರಡು ದಿನ ಲಾಯದಲ್ಲಿ ನೇತುಹಾಕಿ, ರೂಢಿಯಾಗುತ್ತೆ. ಕಂದು ಕುದುರೆ, ಕಂದು ಕೋಟು, ಕಂದು ಹೊಲ. ಮೇಲಿರೋನಿಗೆ ಏನು ಕಾಣ್ಬೇಕು ಅಜ್ಜಾ? ಇವಳು ಬಿದ್ದಿದ್ದೂ ಅವನಿಗೆ ಗೊತ್ತಾಗ್ಲಿಲ್ಲ. ಹಗ್ಗ ಮಡಚಿ ಹಿಡೀಬೇಕು, ಸುತ್ಕೋಬಾರ್ದು. ಕುದುರೆ ಹೋದ್ರೆ ಹೋಗ್ಲಿ."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಅಜ್ಜ ಗೊಣಗಿದರು.

ಅಪಘಾತವಾದ ಮೇಲೆ ಆ ಮಾತನ್ನೇ ಎತ್ತದಿದ್ದ ಮಗಳು ಆಗ ಬಾಯಿಬಿಟ್ಟಳು. "ಅಪ್ಪಾ, ನಂಗೂ ನೀವೇ ಹೇಳ್ಕೊಟ್ಟಿದ್ದು. ಎರಡು ಸುತ್ತು. ಬಿಟ್ಬಿಡೋಣ ಅಂತ ಎಷ್ಟು ಒದ್ದಾಡಿದೆ, ಬಿಡಕ್ಕಾಗ್ಲಿಲ್ಲ."

ಅಜ್ಜ ಕಿಟಕಿಯ ಹತ್ತಿರ ಬಂದರು. ಪಟ್ಟಿಯಿಲ್ಲದ ಆ ಕೈಯನ್ನು ಅವರು ನೋಡಿದ್ದು ಅದೇ ಮೊದಲು. ಅಳು ತಡೆಯಲಾಗಲಿಲ್ಲ ಅವರಿಗೆ. ಮೊಮ್ಮಗಳ ಕೈಯಿಂದ ಹಗ್ಗವನ್ನು ಒಂದೊಂದೇ ಸುತ್ತು ಬಿಚ್ಚಿದರು. ಆಮೇಲೆ ಫೋನ್ ಹಿಡಿದರು.

"ನಾಳೆ ಹತ್ತರಿಂದ ಹನ್ನೆರಡರವರೆಗೆ ಹಾರಾಟ ಇದೆ," ಅಂದರು ಆ ಕಡೆಯವರು. ಎರಡೇ ನಿಮಿಷದ ಮಾತು. ಕೇಳಿದ್ದರೆ ಅವತ್ತೂ ಹೇಳುತ್ತಿದ್ದರು.

ಕುದುರೆ ಇಟ್ಟುಕೊಂಡವರೇ, ನಿಮ್ಮ ಮನೆಯಲ್ಲೂ ಇಂಥ ಕಾಗದ ಎಲ್ಲೋ ಮಡಚಿ ಬಿದ್ದಿರಬಹುದು. ಇವತ್ತೇ ತೆಗೆದು ಓದಿ. ಹೊರಡುವ ಮುಂಚೆ ಫೋನ್ ಮಾಡಿ, ಹೆಲ್ಮೆಟ್ ಹಾಕಿ, ಹೊಳೆಯುವ ಅಂಗಿ ತೊಡಿ, ಹಗ್ಗವನ್ನು ಕೈಗೆ ಸುತ್ತಬೇಡಿ. ನನಗೆ ಪಟ್ಟಿ ಕಟ್ಟಲು ಬರುತ್ತದೆ. ಹೋದ ಕೈಯನ್ನು ತಂದುಕೊಡಲು ಬರುವುದಿಲ್ಲ.